ಯಾರು ಮೊದಲು ಹೋದರು

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತು ಕೂತು ಹಲ್ಲಕ್ಕನಿಗೆ ಸೊಂಟ ಹಿಡಿದುಹೋಗಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ಹಿರಿಯರು ಹೇಳಿದ ಮಾತು ಸುಳ್ಳಲ್ಲ. ಆದರೆ ಗೆಲ್ಲದೆ, ಸೋಲದೆ, ಬರೀ ಕಾಯುತ್ತ ಕೂತವರ ಗತಿ ಏನು ಎಂಬುದನ್ನು ಆ ಹಿರಿಯರೂ ಹೇಳಿ ಹೋಗಲಿಲ್ಲ. ಬಹುಶಃ ಅವರ ಕೇಸೂ ಇನ್ನೂ ನಡೆಯುತ್ತಿರಬೇಕು.

ಅವಳು ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ತೆಗೆದು ಕಳಿಸಿದ ಅಚ್ಚಿಗೆ ಪ್ಲಾಸ್ಟರು ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಊರಿನ ಅರ್ಧ ಮುದುಕರು ಅವಳ ಹಲ್ಲಿನಲ್ಲೇ ನಗುತ್ತಿದ್ದರು, ಅವಳ ಹಲ್ಲನ್ನೇ ಸೊಸೆಯಂದಿರ ಮೇಲೆ ಕಡಿಯುತ್ತಿದ್ದರು. ಹಾಗಾಗಿ ಬೀದಿಯವರ ಬಾಯಲ್ಲಿ ಹಲ್ಲಕ್ಕ. ಐವತ್ತರ ಹತ್ತಿರದ ವಯಸ್ಸು, ಮದುವೆ ಆಗಿರಲಿಲ್ಲ, ಜೊತೆಗಿದ್ದವಳು ಅಮ್ಮ ಒಬ್ಬಳೇ.

ವಿಧವೆ ಅಮ್ಮನ ಎರಡನೆಯ ಮದುವೆಗೂ ಈ ಹಲ್ಲೇ ಕಾರಣ. ಕೆಲಸದಿಂದ ನಿವೃತ್ತರಾದ ಭೂಗೋಳದ ಮೇಷ್ಟ್ರೊಬ್ಬರು, ಹೆಂಡತಿ ತೀರಿಹೋಗಿ ಒಂಟಿಯಾಗಿದ್ದವರು, ಕೆಳಗಿನ ಸೆಟ್ಟು ಕಚ್ಚುತ್ತದೆ ಎಂದು ವೈದ್ಯರನ್ನು ಬಿಟ್ಟು ನೇರವಾಗಿ ಇವಳ ಬಾಗಿಲಿಗೇ ಬಂದರು. ಉಜ್ಜಿ ಕೊಟ್ಟಳು. ಮತ್ತೆ ಬಂದರು. ಇನ್ನಷ್ಟು ಉಜ್ಜಿದಳು. ಮತ್ತೂ ಬಂದಾಗ ಸೆಟ್ಟು ಬಾಯಲ್ಲಿ ಸರಿಯಾಗಿಯೇ ಕೂತಿತ್ತು, ಸರಿಯಾಗಿ ಕೂರದೆ ಇದ್ದವರು ಮೇಷ್ಟ್ರು.

"ಸೆಟ್ಟಿಗೇನೂ ಆಗಿಲ್ಲವಲ್ಲ ಮೇಷ್ಟ್ರೇ" ಎಂದಳು ಹಲ್ಲಕ್ಕ.

"ಗೊತ್ತಮ್ಮ. ನಿಮ್ಮಮ್ಮ ಹೋದ ಸಲ ಟೀ ಕೊಟ್ಟಿದ್ರು. ಅದಕ್ಕೇ ಬಂದೆ" ಎಂದರು ಅವರು, ಪಾಠ ಒಪ್ಪಿಸುವ ಹುಡುಗನ ಹಾಗೆ ನೆಲ ನೋಡುತ್ತ.

ಆ ವಯಸ್ಸಿನಲ್ಲಿ ಮದುವೆಯಾದವರನ್ನು ಜನ ಬಿಡುತ್ತಾರೆಯೇ? ನಾಲ್ಕು ದಿನ ಆಡಿಕೊಂಡರು, ಐದನೆಯ ದಿನ ಬೇರೆ ಸುದ್ದಿ ಸಿಕ್ಕಿತು, ಬಿಟ್ಟರು. ಇಬ್ಬರೂ ತಮ್ಮ ತಮ್ಮ ಹಳೆಯ ಮನೆ ಮಾರಿ, ಇಬ್ಬರ ಹೆಸರಿನಲ್ಲೂ ಸಮಪಾಲು ಬರುವಂತೆ ಒಂದು ಮನೆ ಕೊಂಡರು. ಬೀದಿಯ ಕಡೆಯ ಕೋಣೆ ಹಲ್ಲಕ್ಕನ ಕೆಲಸಕ್ಕೆ, ಹಿಂದಿನ ಕೋಣೆ ಇಬ್ಬರು ಮುದುಕರಿಗೆ. ಉಯಿಲನ್ನೂ ಒಂದೇ ದಿನ ಬರೆದರು: ನಾನು ಮೊದಲು ಹೋದರೆ ನನ್ನ ಪಾಲು ಅವಳಿಗೆ, ನಾನು ಮೊದಲು ಹೋದರೆ ನನ್ನ ಪಾಲು ಅವರಿಗೆ. ಹೊಸ ಮದುಮಕ್ಕಳಿಗೆ ಅದಕ್ಕಿಂತ ಮುಂದೆ ಯೋಚನೆ ಹೋಗಲಿಲ್ಲ.

ಹೋಗಬೇಕಿತ್ತು. ಒಂದು ಚಳಿಗಾಲದ ಮಧ್ಯಾಹ್ನ ಇಬ್ಬರೂ ಊಟ ಮಾಡಿ, ಕಿಟಕಿ ಮುಚ್ಚಿ, ಗ್ಯಾಸ್ ಹೀಟರು ಹಚ್ಚಿಕೊಂಡು ಮಲಗಿದರು. ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆಯ ಬಾಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿತ್ತು. ಆ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಟೀ ಹೊತ್ತು ಮೀರಿದರೂ ಏಳಲಿಲ್ಲವಲ್ಲ ಎಂದು ಹಲ್ಲಕ್ಕ ಬಾಗಿಲು ತೆರೆದಾಗ ಇಬ್ಬರೂ ನಿದ್ದೆಯಲ್ಲಿದ್ದ ಹಾಗೇ ಇದ್ದರು. "ನಿದ್ದೇಲೇ ಹೋಗಿದ್ದಾರೆ. ಒಂಚೂರೂ ಗೊತ್ತಾಗಿರಲ್ಲ" ಎಂದರು ಡಾಕ್ಟರು. ಆ ಒಂದು ಮಾತು ಹಿಡಿದುಕೊಂಡು ಅವಳು ಆ ವರ್ಷ ದಾಟಿದಳು.

ಮೇಷ್ಟ್ರಿಗೆ ಒಬ್ಬ ಮಗ. ಡ್ರೈವಿಂಗ್ ಸ್ಕೂಲು ನಡೆಸುವವನು. ಕೆಟ್ಟವನಲ್ಲ, ಮಾತು ಸ್ವಲ್ಪ ಒರಟು. ಇಡೀ ದಿನ ಬೇರೆಯವರ ಕೈಗೆ ಸ್ಟೀರಿಂಗು ಕೊಟ್ಟು ಪಕ್ಕದಲ್ಲಿ ಜೀವ ಹಿಡಿದುಕೊಂಡು ಕೂರುವವನಿಗೆ ಮಾತು ಮೆತ್ತಗಿರುವುದು ಕಷ್ಟ. ಅವನಿಗೆ ಮನೆ ಮಾರಬೇಕಿತ್ತು, ಇವಳಿಗೆ ಅಲ್ಲೇ ಇರಬೇಕಿತ್ತು. ಅರ್ಧ ಮನೆಯನ್ನು ಯಾರೂ ಕೊಳ್ಳುವುದಿಲ್ಲ, ಇನ್ನರ್ಧವನ್ನು ಕೊಳ್ಳುವ ಶಕ್ತಿ ಇವಳಿಗಿಲ್ಲ. ಮಾತಿಗೆ ಮಾತು ಬೆಳೆದು ಕೋರ್ಟಿಗೆ ಹೋಯಿತು. ಕೋರ್ಟಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ. ಇಬ್ಬರಲ್ಲಿ ಮೊದಲು ಹೋದವರು ಯಾರು? ಯಾರು ಒಂದು ಗಳಿಗೆ ಹೆಚ್ಚು ಬದುಕಿದ್ದರೋ ಮನೆ ಪೂರ್ತಿ ಅವರದು, ಅವರ ನಂತರ ಅವರ ಮಗುವಿನದು. ಗೊತ್ತಾಗದೇ ಹೋದರೆ ಅರ್ಧರ್ಧ. ಅರ್ಧರ್ಧವೆಂದರೆ ಮಾರಾಟ, ಮಾರಾಟವೆಂದರೆ ಹಲ್ಲಕ್ಕ ತನ್ನ ಮೇಜು, ಮೋಟಾರು ಹೊತ್ತುಕೊಂಡು ಬೀದಿಗೆ.

ಹಿಂದಿನ ಕಾಲವಾಗಿದ್ದರೆ ಇದಕ್ಕೆ ಉತ್ತರವೇ ಇರುತ್ತಿರಲಿಲ್ಲ, ಹಂಚಿಕೊಂಡು ಸುಮ್ಮನಾಗುತ್ತಿದ್ದರು. ಈಗಿನ ಕಾಲದಲ್ಲಿ ಸತ್ತವರೂ ಸುಮ್ಮನಿರುವುದಿಲ್ಲ. ಮೇಷ್ಟ್ರ ಎದೆಯಲ್ಲಿ ಪೇಸ್‌ಮೇಕರಿತ್ತು. ಅಮ್ಮನ ಕೈಯಲ್ಲಿ ಹಲ್ಲಕ್ಕ ಕೊಡಿಸಿದ್ದ ಸ್ಮಾರ್ಟ್‌ವಾಚಿತ್ತು. ಒಂದು ಎದೆಯೊಳಗಿನಿಂದ, ಇನ್ನೊಂದು ಮಣಿಕಟ್ಟಿನ ಮೇಲಿನಿಂದ ಕೊನೆಯವರೆಗೂ ಲೆಕ್ಕ ಇಟ್ಟಿದ್ದವು. ಎರಡನ್ನೂ ತರಿಸಿ ಓದಿಸಿ ಎಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು. ಬಂದ ಉತ್ತರ ಹಲ್ಲಕ್ಕನಿಗೆ ಮಣ್ಣು ಮುಕ್ಕಿಸಿತು. ಅಮ್ಮನ ನಾಡಿ ನಿಂತ ನಾಲ್ಕು ನಿಮಿಷದ ನಂತರ ಮೇಷ್ಟ್ರ ಹೃದಯ ನಿಂತಿತ್ತು.

ಅವತ್ತಿನಿಂದ ಹಲ್ಲಕ್ಕ ದೇವರಲ್ಲಿ ಬೇಡಿಕೊಂಡದ್ದು ಒಂದೇ. ಅಮ್ಮ ಇನ್ನೂ ಸ್ವಲ್ಪ ಹೊತ್ತು ಬದುಕಿದ್ದಳು ಅಂತಾಗಲಿ. ಹೇಗಾದರೂ ಆಗಲಿ. ತಾನು ಬೇಡುತ್ತಿರುವುದು ಏನೆಂದು ಅವಳು ನಿಂತು ನೋಡಲಿಲ್ಲ. ದಣಿದವರು ಹಾಗೆ ನೋಡುವುದಿಲ್ಲ.

ಇವತ್ತು ಪೇಸ್‌ಮೇಕರ್ ಓದಿದ ಟೆಕ್ನಿಷಿಯನ್ನಿನ ಪಾಟೀಸವಾಲು. ಆಸ್ಪತ್ರೆಯ ಹೃದಯ ವಿಭಾಗದಲ್ಲಿ ತಲೆ ನರೆಸಿಕೊಂಡ ಸಾಧು ಮನುಷ್ಯ. ಸಾಕ್ಷಿ ಕಟ್ಟೆಯಲ್ಲಿ ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಮೊದಲು ಮಗನ ವಕೀಲರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಮಷಿನ್ನು ಒಳಗಿನಿಂದ ತಟ್ಟುತ್ತದೆ, ಹೃದಯ ಓಗೊಡುತ್ತದೆ. ಓಗೊಡುವುದು ನಿಂತ ಹೊತ್ತು ಅದರೊಳಗೆ ಉಳಿಯುತ್ತದೆ. ಹೃದಯ ನಿಂತ ಮೇಲೂ ಮಷಿನ್ನು ತಟ್ಟುತ್ತಲೇ ಇರುತ್ತದೆ, ಅದಕ್ಕೆ ಸಾವು ಗೊತ್ತಾಗುವುದಿಲ್ಲ. ಇದನ್ನು ಕೇಳಿ ಡ್ರೈವಿಂಗ್ ಸ್ಕೂಲಿನವನು ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

ಹಲ್ಲಕ್ಕನ ವಕೀಲಮ್ಮ ಎದ್ದರು. ಅವರ ಹತ್ತಿರ ಹೇಳಿಕೊಳ್ಳುವಂಥ ಪ್ರಶ್ನೆ ಒಂದೂ ಇರಲಿಲ್ಲ. ಫೀಸು ತಗೊಂಡ ಮೇಲೆ ಎದ್ದು ನಿಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎದ್ದದ್ದು.

"ಪೇಸ್‌ಮೇಕರಿಗೆ ಟೈಮು ಹೇಗೆ ಗೊತ್ತಾಗುತ್ತೆ?"

"ಪೇಶೆಂಟು ತಪಾಸಣೆಗೆ ಬಂದಾಗ ನಮ್ಮ ಮಷಿನ್ನಿಂದ ಅದಕ್ಕೆ ಟೈಮು ಹೋಗುತ್ತೆ ಮೇಡಂ."

"ನಿಮ್ಮ ಮಷಿನ್ನಿಗೆ?"

"ಅದಕ್ಕೆ ನಾವೇ ಇಡ್ತೀವಿ."

"ಏನು ನೋಡಿ ಇಡ್ತೀರಿ?"

"ಗೋಡೆ ಗಡಿಯಾರ."

"ಆ ಗಡಿಯಾರ ಸರಿಯಾಗಿದೆಯಾ?"

"ಓ, ಬಹಳ ಸರಿಯಾಗಿದೆ ಮೇಡಂ. ಯಾವಾಗ ನೋಡಿದ್ರೂ ಕರೆಕ್ಟಾಗಿ ಹತ್ತು ನಿಮಿಷ ಮುಂದಿರುತ್ತೆ."

ತೂಕಡಿಸುತ್ತಿದ್ದ ಗುಮಾಸ್ತನೂ ತಲೆ ಎತ್ತಿದ. ನ್ಯಾಯಾಧೀಶರು ಕನ್ನಡಕ ತೆಗೆದು, ಅದೇ ಮಾತನ್ನು ಇನ್ನೊಮ್ಮೆ ಹೇಳಿ ಎಂದರು. ಟೆಕ್ನಿಷಿಯನ್ನು ಇನ್ನೊಮ್ಮೆ ಹೇಳಿದರು, ತಪ್ಪೇನಿದೆ ಎಂಬ ಮುಖದಲ್ಲಿ.

ವಿಷಯ ಇಷ್ಟೇ. ಆ ವಿಭಾಗದ ದೊಡ್ಡ ಸಿಸ್ಟರಿಗೆ ತಡವಾಗಿ ಬರುವವರನ್ನು ಕಂಡರೆ ಆಗುತ್ತಿರಲಿಲ್ಲ. ಬೈದು ಬೈದು ಸಾಕಾಗಿ ಒಂದು ದಿನ ಗೋಡೆ ಗಡಿಯಾರವನ್ನೇ ಹತ್ತು ನಿಮಿಷ ಮುಂದೆ ತಿರುಗಿಸಿದ್ದರು. ನಮ್ಮ ನಿಮ್ಮ ಮನೆಯಲ್ಲಿ ಮಾಡುವುದಿಲ್ಲವೇ, ಹಾಗೆ. ಗೋಡೆಯದೊಂದು ಟೈಮು ಮಷಿನ್ನಿನದೊಂದು ಟೈಮು ಆದರೆ ಬರೆಯುವವರಿಗೆ ಗೊಂದಲ ಎಂದು ಮಷಿನ್ನಿಗೂ ಅದನ್ನೇ ಇಡಿಸಿದರು. ಹತ್ತು ನಿಮಿಷ ಕಳೆದು ನೋಡಬೇಕೆಂದು ಡಾಕ್ಟರಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಗೊತ್ತಿತ್ತು. ಪೇಸ್‌ಮೇಕರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ರಿಪೋರ್ಟು ಕೊಡುವಾಗ ನೀವ್ಯಾಕೆ ಕಳೀಲಿಲ್ಲ?" ನ್ಯಾಯಾಧೀಶರೇ ಕೇಳಿದರು.

ಟೆಕ್ನಿಷಿಯನ್ನಿನ ಮುಖ ಈಗ ಬಿಳಿಚಿಕೊಂಡಿತು. "ಗಡಿಯಾರ ನೋಡಿದ್ರೆ ಮನಸ್ಸು ತಾನಾಗೇ ಕಳೆಯುತ್ತೆ ಸ್ವಾಮಿ. ಇದು ಪ್ರಿಂಟಾಗಿ ಬಂತಲ್ಲ. ಪ್ರಿಂಟಲ್ಲಿ ಬಂದಿದ್ದು ಸರಿ ಇರುತ್ತೆ ಅಂದ್ಕೊಂಡೆ."

ಊರಿನ ಎಷ್ಟು ಎದೆಗಳು ಹತ್ತು ನಿಮಿಷ ಮುಂದೆ ಓಡುತ್ತಿವೆಯೋ ಎಂದು ಯಾರೋ ಹಿಂದಿನಿಂದ ಅಂದರು. ಕೋರ್ಟು ನಕ್ಕಿತು. ಟೆಕ್ನಿಷಿಯನ್ನು ಕಟ್ಟೆಯಿಂದ ಇಳಿದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ವರಾಂಡದಲ್ಲಿ ವಕೀಲಮ್ಮ ಹಲ್ಲಕ್ಕನ ಎರಡೂ ಕೈ ಹಿಡಿದುಕೊಂಡರು. "ಕತ್ತಲಲ್ಲಿ ಕಲ್ಲು ಎಸೆದೆ, ಹಣ್ಣಿಗೇ ಬಿತ್ತು ನೋಡಿ. ನಾಲ್ಕು ನಿಮಿಷ ಅವರಿಗಿತ್ತು. ಹತ್ತು ಕಳೆದ್ರೆ ಈಗ ಆರು ನಿಮಿಷ ನಮಗೆ. ನಿಮ್ಮಮ್ಮ ಆರು ನಿಮಿಷ ಹೆಚ್ಚು ಬದುಕಿದ್ರು."

ಹಲ್ಲಕ್ಕನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಸ್ಟಾಪು ದಾಟಿಹೋಗುವಷ್ಟು ಗಾಢವಾಗಿ ನಿದ್ದೆ ಮಾಡಿದಳು.

ಆದರೆ ಎದುರು ಪಕ್ಷದ ವಕೀಲರೇನು ಕೈಗೆ ಬಳೆ ತೊಟ್ಟಿರಲಿಲ್ಲ. ವಾಚು ಲೆಕ್ಕ ಹಾಕಿದ್ದು ನಾಡಿಯೋ, ಹೀಟರಿನ ನಡುಕವೋ ಯಾರು ಕಂಡರು, ಸತ್ತ ಕೈಯ ಮೇಲೂ ವಾಚು ಏನೋ ಒಂದು ಎಣಿಸುತ್ತದೆ ಎಂದು ತಕರಾರು ಹಾಕಿದರು. ಹಾಗಾದರೆ ಆ ಆರು ನಿಮಿಷದ ಇಡೀ ದಾಖಲೆ ತರಿಸೋಣ ಎಂದರು ವಕೀಲಮ್ಮ. ವಾಚಿನ ಕಂಪನಿಯ ಸರ್ವರು ಯಾವುದೋ ದೇಶದಲ್ಲಿ. ಇಲ್ಲಿಂದ ಅರ್ಜಿ, ಅಲ್ಲಿಂದ ಆಕ್ಷೇಪಣೆ, ಸತ್ತವರ ಗುಟ್ಟನ್ನು ಯಾರಿಗೆ ಕೊಡಬಹುದು ಎಂಬ ಚರ್ಚೆ, ವಾಯಿದೆಯ ಮೇಲೆ ವಾಯಿದೆ. ಹಲ್ಲಕ್ಕ ಮತ್ತೆ ಬೆಂಚಿಗೆ ಬಂದಳು. ಬೆಂಚು ಅಲ್ಲೇ ಇತ್ತು.

ದಾಖಲೆ ಬಂದ ದಿನ ವಕೀಲಮ್ಮ ಫೋನು ಮಾಡದೆ ತಾವೇ ಮನೆಗೆ ಬಂದರು. ಹಲ್ಲಕ್ಕ ಮೇಣದ ಒಸಡಿಗೆ ಮುಂದಿನ ಹಲ್ಲು ಕೂರಿಸುತ್ತಿದ್ದಳು. ವಕೀಲಮ್ಮ ಎದುರಿನ ಸ್ಟೂಲಿನ ಮೇಲೆ ಕೂತು, ಮೊಬೈಲು ತೆರೆದು, ಹಬೆಯಾಡುವ ಊಟ ಮುಂದಿಟ್ಟವರ ಹಾಗೆ ಮುಖ ಅರಳಿಸಿದರು.

"ಕೇಸು ಮುಗೀತು ಅಂತಲೇ ತಿಳ್ಕೊಳ್ಳಿ. ಆ ಆರು ನಿಮಿಷದೊಳಗೆ ವಾಚು ಒಂದು ಸಲ ಅದುರಿದೆ. ಎದೆಬಡಿತ ಏರುಪೇರಾಯ್ತಂತೆ. ಪರದೆ ಮೇಲೆ ಪ್ರಶ್ನೆ ಬಂದಿದೆ. ಮಗಳಿಗೆ ಕರೆ ಮಾಡಲೇ, ಅಂತ."

ಹಲ್ಲಕ್ಕನ ಕೈ ನಿಂತಿತು. ವಾಚಿಗೆ ತನ್ನ ನಂಬರು ಹಾಕಿದ್ದು ಅವಳೇ.

"ನಿಮ್ಮಮ್ಮ ಉತ್ತರ ಕೊಟ್ಟಿದ್ದಾರೆ ಕಣ್ರೀ. ಬೆರಳಿಂದ ಒತ್ತಿದ್ದಾರೆ. ಹೀಟರಿನ ನಡುಕ ಬಂದು ಬಟನ್ನು ಒತ್ತುತ್ತಾ? ಎಚ್ಚರ ಇದ್ರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

"ಏನಂತ ಒತ್ತಿದ್ಳು?" ಹಲ್ಲಕ್ಕ ಕೇಳಿದಳು.

ವಕೀಲಮ್ಮನಿಗೆ ಅದು ಮುಖ್ಯವಾಗಿರಲಿಲ್ಲ. ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ ಹೇಳಿದರು. "ಬೇಡ, ಅಂತ."

ಅಷ್ಟು ಹೇಳಿದ ಮೇಲೆ ವಕೀಲಮ್ಮನಿಗೂ ಏನೋ ಅನಿಸಿರಬೇಕು, ಮುಂದಿನ ತಾರೀಖು ಮಾತ್ರ ತಿಳಿಸಿ ಎದ್ದರು. "ನೀವು ಕಟ್ಟೆ ಹತ್ತಿ, ಈ ನಂಬರು ಹಾಕಿದ್ದು ನಾನೇ, ಆ ಹೊತ್ತಲ್ಲಿ ಅಮ್ಮ ಜೀವಂತ ಇದ್ದರು, ಅವರಿಗೆ ಎಚ್ಚರ ಇತ್ತು ಅಂತ ಹೇಳಿದ್ರೆ ಸಾಕು. ಮಿಕ್ಕಿದ್ದು ನಂಗೆ ಬಿಡಿ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು.

ಅಮ್ಮ ಹೋದ ಆ ಮಧ್ಯಾಹ್ನ ಹಲ್ಲಕ್ಕ ಇದೇ ಮೇಜಿನ ಮುಂದೆ ಮೋಟಾರು ಹಾಕಿಕೊಂಡು ಹಲ್ಲು ಉಜ್ಜುತ್ತಿದ್ದಳು. ಫೋನು ಏಪ್ರನ್ನಿನ ಜೇಬಿನಲ್ಲಿತ್ತು. ಅಮ್ಮನ ಕೋಣೆಗೂ ಇದಕ್ಕೂ ನಡುವೆ ಒಂದು ಗೋಡೆ, ಒಂದು ಓಣಿ. ಫೋನು ಒಂದು ಸಲ ಅದುರಿದ್ದರೆ ಸಾಕಿತ್ತು. ಮೋಟಾರಿನ ಸದ್ದು ಅಮ್ಮನಿಗೂ ಕೇಳುತ್ತಿದ್ದಿರಬೇಕು. ಕೆಲಸದಲ್ಲಿದ್ದಾಳೆ, ಪಾಪ, ಇಷ್ಟಕ್ಕೆಲ್ಲ ಯಾಕೆ ಎಬ್ಬಿಸುವುದು ಎಂದುಕೊಂಡಳೇ? ತಲೆ ಭಾರವಾದದ್ದು ಚಳಿಗೆ ಎಂದುಕೊಂಡಳೇ? ಪಕ್ಕದಲ್ಲಿದ್ದವರು ಆಗಲೇ ಹೋಗಿದ್ದು ಅವಳಿಗೆ ಗೊತ್ತಾಗಿತ್ತೇ? ವಾಚು ಅದನ್ನೆಲ್ಲ ಬರೆದುಕೊಂಡಿರಲಿಲ್ಲ.

ಬೇಡಿದ ವರ ಸಿಕ್ಕಿತ್ತು. ಅಮ್ಮ ಇನ್ನೂ ಸ್ವಲ್ಪ ಹೊತ್ತು ಬದುಕಿರಲಿ ಎಂದು ಹಗಲೂ ಇರುಳೂ ಬೇಡಿದ್ದಳಲ್ಲ, ಬದುಕಿದ್ದಳು. ನಿದ್ದೆಯಲ್ಲಿ ಹೋಗಲಿಲ್ಲ. ಎಚ್ಚರವಾಗಿ, ತಲೆ ತಿರುಗುತ್ತ, ಮಗಳು ಕೂಗಳತೆಯಲ್ಲಿರುವಾಗ ಮಗಳು ಬೇಡ ಎಂದು ಒತ್ತಿ ಹೋದಳು. ಹಲ್ಲಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎದುರಿಗಿದ್ದ ಮೇಣದ ಸೆಟ್ಟು ಮೊಣಕೈ ತಾಗಿ ಅಪ್ಪಚ್ಚಿಯಾಯಿತು. ಮಾರನೆಯ ದಿನ ಅದನ್ನು ಮೊದಲಿಂದ ಮಾಡಬೇಕಾಯಿತು.

ಆ ಮಾರನೆಯ ದಿನವೇ ಅವಳು ಡ್ರೈವಿಂಗ್ ಸ್ಕೂಲಿಗೆ ಹೋದಳು. ಒಂದು ಕೋಣೆ, ಗೋಡೆ ತುಂಬ ರಸ್ತೆ ಚಿಹ್ನೆಗಳು, ಹೊರಗೆ ಕಲಿಸುವವನ ಕಡೆಗೂ ಬ್ರೇಕಿರುವ ಎರಡು ಕಾರು. ಅವನು ಆಗಷ್ಟೇ ಪಾಠ ಮುಗಿಸಿ ಬಂದು ಬೆವರು ಒರೆಸಿಕೊಳ್ಳುತ್ತಿದ್ದ. ಇವಳನ್ನು ಕಂಡು ಎದ್ದು ನಿಂತ, ಕುರ್ಚಿ ಕೊಡಬೇಕೋ ಬೇಡವೋ ಎಂದು ತಿಳಿಯದೆ ಹಾಗೇ ನಿಂತ.

"ಅರ್ಧರ್ಧ ಮಾಡ್ಕೊಂಡು ಬಿಡೋಣ. ಮನೆ ಮಾರೋಣ" ಎಂದಳು ಹಲ್ಲಕ್ಕ.

ಅವನು ಅನುಮಾನದಿಂದ ನೋಡಿದ. "ಗೆಲ್ಲೋ ಕೇಸು ನಿಮ್ಮದು. ನಮ್ಮ ವಕೀಲರೇ ಹೇಳಿದ್ರು, ವಾಚಿಂದೇನೋ ಬಂದಿದೆ, ಈ ಸಲ ಕಷ್ಟ ಅಂತ. ಇದರಲ್ಲಿ ಏನೋ ಇದೆ."

"ಇದೆ. ಸುಸ್ತು ಇದೆ."

ಅವನು ನಕ್ಕುಬಿಟ್ಟ. ಕುರ್ಚಿ ಎಳೆದು ಕೊಟ್ಟ. ತನಗೂ ಸಾಕಾಗಿದೆ ಎಂದ. ಮನೆಯಲ್ಲಿ ಹೆಂಡತಿ ಈ ವಿಷಯ ಎತ್ತಿದರೆ ಎದ್ದು ಹೋಗುತ್ತಾಳೆ ಎಂದ. ಟೀ ತರಿಸಿದ, ಕುಡಿದಳು.

ವಕೀಲಮ್ಮ ಕುಪಿತರಾದರು. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅಂತಾರಲ್ಲ, ಅದು ನಿಮ್ಮನ್ನ ನೋಡಿಯೇ ಹೇಳಿದ್ದಿರಬೇಕು. ಕೆಲಸದ ಕೋಣೆ ಹೋಗುತ್ತೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀರಿ?"

"ಎಲ್ಲಾದ್ರೂ ಒಂದು ರೂಮು ಸಿಗುತ್ತೆ. ಆ ಮಾತನ್ನ ಎಲ್ಲರ ಮುಂದೆ ನನ್ನ ಬಾಯಿಂದ ಹೇಳಕ್ಕಾಗಲ್ಲ ಮೇಡಂ. ಅದನ್ನ ಹೇಳಿ ಆ ಮನೇಲಿ ಇರಕ್ಕೂ ಆಗಲ್ಲ."

ವಕೀಲಮ್ಮ ಫೈಲು ಮುಚ್ಚಿದರು. ವಾಚಿನ ದಾಖಲೆಯನ್ನು ಕೋರ್ಟಿನ ಮುಂದಿಡುವ ಅಗತ್ಯ ಇನ್ನಿಲ್ಲ, ಅದು ತಮ್ಮಲ್ಲೇ ಇರುತ್ತದೆ ಎಂದರು. ಅವರೂ ಯಾರದೋ ಮಗಳೇ ತಾನೆ.

ರಾಜಿಗೆ ಸಹಿ ಹಾಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಜಗಳಕ್ಕೆ ವರ್ಷಗಟ್ಟಲೆ ಕೇಳುವ ಕೋರ್ಟು ರಾಜಿಗೆ ಒಂದು ಬೆಳಗು ಸಾಕು ಎನ್ನುತ್ತದೆ. ನ್ಯಾಯಾಧೀಶರ ಮುಖದಲ್ಲೂ ಬಿಡುಗಡೆ ಕಂಡಿತು. "ಯಾರು ಮೊದಲು ಹೋದರು ಅನ್ನೋದನ್ನ ಇನ್ನು ನಾನು ತೀರ್ಮಾನ ಮಾಡಬೇಕಾಗಿಲ್ಲ" ಎಂದರು. ಆಮೇಲೆ, ಬರೆಸುವುದಕ್ಕಲ್ಲ, ಸುಮ್ಮನೆ ಹೇಳಿದರು. "ಒಟ್ಟಿಗೇ ಹೋದರು ಅಂತ ಇಟ್ಕೊಳ್ಳಿ. ಇಬ್ಬರಿಗೂ ಒಳ್ಳೇದು."

ಇಬ್ಬರೂ ತಲೆಯಾಡಿಸಿದರು.

ಹೊರಗೆ ಮೆಟ್ಟಿಲ ಬಳಿ ಡ್ರೈವಿಂಗ್ ಸ್ಕೂಲಿನವನು ಅವಳಿಗಾಗಿ ನಿಂತಿದ್ದ. ಕೈಯಲ್ಲಿ ಕಾರಿನ ಬೀಗದ ಕೈ ತಿರುಗಿಸುತ್ತಿದ್ದ, ಹೋಗುವ ಲಕ್ಷಣ ಇರಲಿಲ್ಲ.

"ಒಂದು ಮಾತು ಕೇಳಲಾ? ಇಷ್ಟು ದಿನ ಯಾರನ್ನೂ ಕೇಳಕ್ಕಾಗಲಿಲ್ಲ. ಕೇಳಿದ್ರೆ ನನ್ನ ಕೇಸಿಗೇ ಏಟು."

"ಕೇಳಿ."

"ಅಪ್ಪಂಗೆ ಒಬ್ಬರೇ ಇರೋದು ಅಂದ್ರೆ ಆಗ್ತಿರಲಿಲ್ಲ. ಅಮ್ಮ ಹೋದ್ಮೇಲೆ ಲೈಟು ಹಾಕ್ಕೊಂಡೇ ಮಲಗೋರು. ನಿಮ್ಮಮ್ಮ ಬಂದ್ಮೇಲೇ ಅದು ಬಿಟ್ಟಿದ್ದು." ಅವನು ಬೀಗದ ಕೈಯನ್ನು ಜೇಬಿಗಿಳಿಸಿದ. "ನಾನು ಗೆಲ್ಲಬೇಕಂದ್ರೆ ಅವರು ಕೊನೇಲಿ ಒಬ್ಬರೇ ಉಳಿದಿರಬೇಕಿತ್ತು. ಅದನ್ನೇ ಬೇಡ್ಕೊಂಡು ಓಡಾಡಿದೆ, ಎಂಥ ಮಗ ನಾನು. ಆ ವಾಚಲ್ಲಿ ಏನು ಬಂತೋ ನಂಗೆ ಗೊತ್ತಿಲ್ಲ, ತೋರಿಸಿ ಅಂತಾನೂ ಅನ್ನಲ್ಲ. ಇಷ್ಟು ಹೇಳಿ. ಅಪ್ಪ ಹೋಗುವಾಗ ಪಕ್ಕದಲ್ಲಿ ನಿಮ್ಮಮ್ಮಂಗೆ ಎಚ್ಚರ ಇತ್ತಾ?"

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಇಬ್ಬರೂ ನಿದ್ದೆಯಲ್ಲೇ ಒಟ್ಟಿಗೆ ಹೋದರು ಎನ್ನಬಹುದಿತ್ತು, ನ್ಯಾಯಾಧೀಶರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಈ ಒಂದು ಮಾತನ್ನು ಬಾಯಿಂದ ಆಡಲಾರದೆ ತಾನೇ ಅವಳು ಮನೆ ಬಿಟ್ಟುಕೊಟ್ಟದ್ದು. ಹಲ್ಲಕ್ಕ ಅವನ ಮುಖ ನೋಡಿದಳು. ಅವನ ಕೆಳದವಡೆ ಮೇಷ್ಟ್ರದೇ, ಅದೇ ಅಚ್ಚು.

"ಎಚ್ಚರ ಇತ್ತು ಅಣ್ಣ" ಎಂದಳು. "ಅವರು ಹೋಗೋವರೆಗೂ ಇತ್ತು. ಹೋದ್ಮೇಲೂ ಇತ್ತು. ಪಕ್ಕದಿಂದ ಏಳಲಿಲ್ಲ. ಯಾರನ್ನೂ ಕರೀಲಿಲ್ಲ."

"ಸದ್ಯ" ಎಂದ ಅವನು. ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಸದ್ಯ, ಸದ್ಯ" ಎನ್ನುತ್ತಲೇ ಇದ್ದ.

ಹಲ್ಲಕ್ಕ ಚೀಲವನ್ನು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತಳು. ಬಸ್ಸೊಂದು ಬಂದು ಹೋಯಿತು. ಅವನು ಸುಧಾರಿಸಿಕೊಳ್ಳುವವರೆಗೂ ಅವಳು ಏಳಲಿಲ್ಲ.